ಹದಿನಾಲ್ಕನೆಯ ಹಲಗೆ

ಕಳೆದ ವಾರ ನೇತ್ರಾವತಿ ಉಕ್ಕಿ, ಬಂಟ್ವಾಳದ ನಮ್ಮ ಮನೆಯೊಳಗೆ ಒಂದು ಗೇಣು ನೀರು ಬಂದು ಹೋಯಿತು. ನೀರಿಳಿದ ಮೇಲೆ ಪುಸ್ತಕದ ಕಪಾಟಿನ ಕೆಳಹಲಗೆಯನ್ನು ಕಳಚಿಸಿ ಬಿಸಿಲಿಗೆ ಇಡಿಸಿದೆ. ಮಧ್ಯಾಹ್ನದ ಹೊತ್ತಿಗೆ ಅದರಿಂದ ಡಾಮರಿನ ವಾಸನೆ ಎದ್ದಿತು. ಇಷ್ಟು ವರ್ಷಗಳಾದರೂ ಹೋಗಿಲ್ಲ. ಮಗ್ಗುಲಲ್ಲಿ ನನ್ನದೇ ಕೈಯಲ್ಲಿ ಬರೆದ ಅಂಕೆ, ೧೪.

ಹಲಗೆ ಕೊಟ್ಟವರನ್ನು ನಾವು ಕಟ್ಟದಜ್ಜ ಎಂದು ಕರೆಯುತ್ತಿದ್ದೆವು.

ಐವತ್ತರ ದಶಕದ ಕೊನೆಯಲ್ಲಿ ನಾನು ವೇಣೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಮಾಸ್ತರನಾಗಿದ್ದೆ. ಶಾಲೆಯ ಕೆಳಗೆ ಫಲ್ಗುಣಿಗೆ ಸೇರುವ ಒಂದು ಹೊಳೆ. ಅದಕ್ಕೆ ಅಡ್ಡಲಾಗಿ ಊರವರೇ ದುಡಿದು ಕಟ್ಟಿದ ಕಿಂಡಿ ಕಟ್ಟ ಇತ್ತು. ಆರು ಕಲ್ಲಿನ ಕಂಬ, ನಡುವೆ ಐದು ಕಿಂಡಿ. ಮಳೆಗಾಲ ಮುಗಿದ ಮೇಲೆ ಪ್ರತಿ ಕಿಂಡಿಗೂ ಎರಡು ಸಾಲು ಹಲಗೆ ಇಳಿಸಿ, ನಡುವೆ ಕೆಂಪು ಮಣ್ಣು ತುಂಬಿದರೆ ಬೇಸಿಗೆಯಿಡೀ ನೀರು ನಿಲ್ಲುತ್ತಿತ್ತು. ಮುಂದಿನ ಮಳೆಗೆ ಮೊದಲು ಹಲಗೆಗಳನ್ನೆಲ್ಲ ತೆಗೆಯಲೇಬೇಕು. ಇಲ್ಲವಾದರೆ ನೆರೆಗೆ ದಾರಿಯಿಲ್ಲ. ಈ ಇಳಿಸುವ, ತೆಗೆಯುವ ಕೆಲಸ ಅಜ್ಜನದು. ಎಡದಂಡೆಗೆ ತಾಗಿ ಅವರ ಗುಡಿಸಲು, ಗೇಣಿಗೆ ಮಾಡುತ್ತಿದ್ದ ಅರ್ಧ ಎಕ್ರೆ ಗದ್ದೆ. ಅದಲ್ಲದೆ ಅವರಿಗೆ ಬೇರೇನೂ ಇರಲಿಲ್ಲ.

ಕಟ್ಟದ ಸಮಿತಿಗೆ ನಾನು ಕಾರ್ಯದರ್ಶಿ. ಹಿಂದೆ ಒಬ್ಬೊಬ್ಬರು ತಮಗೆ ಬೇಕಾದಾಗ ಹಲಗೆ ಎಬ್ಬಿಸಿ ಜಗಳವಾಗುತ್ತಿತ್ತು. ನಾನು ಮೂಡುಬಿದಿರೆಯಿಂದ ಡಾಮರು ತರಿಸಿ, ತೆಗೆಯಬೇಕಾದ ಕ್ರಮದಲ್ಲೇ ಎಲ್ಲ ಹಲಗೆಗಳಿಗೂ ಅಂಕೆ ಹಾಕಿದೆ. ಒಂದು ಪುಸ್ತಕ ಮಾಡಿದೆ. ಕಾರ್ಯದರ್ಶಿಯ ಸಹಿ ಇಲ್ಲದೆ ಒಂದು ಹಲಗೆಯೂ ಅಲುಗಬಾರದು. ಪತ್ತನಾಜೆಯ ದಿನ, ಅಂದರೆ ಮೇ ಕೊನೆಗೆ ಬರುವ ತುಳುವಿನ ಬೇಶ ತಿಂಗಳ ಹತ್ತಕ್ಕೆ, ಎಲ್ಲವನ್ನೂ ತೆಗೆಯಬೇಕು. ಭೂತಕೋಲ, ಯಕ್ಷಗಾನದ ಆಟಗಳೆಲ್ಲ ಮುಗಿದು ಊರು ಬಿಡುವಾಗುವ ದಿನ ಅದು. ಆ ವರ್ಷ ಜಗಳವೇ ಆಗಲಿಲ್ಲ. ಬೇಸಿಗೆ ರಜೆಯಲ್ಲೂ ನಾನು ಮನೆಗೆ ಹೋಗದೆ ಹೆಮ್ಮೆಯಿಂದ ಶಾಲೆಯಲ್ಲೇ ಉಳಿದೆ.

ಪತ್ತನಾಜೆಗೆ ಐದು ದಿನ ಇರುವಾಗ ಅಜ್ಜ ಬಂದರು. ತಲೆಯ ಮುಟ್ಟಾಳೆ ತೆಗೆದು ಜಗಲಿಯಲ್ಲಿ ಕುಳಿತರು.

“ಮೂರು ದಿನದಿಂದ ಮೂಡುದಿಕ್ಕಿನಲ್ಲಿ ಗುಡುಗು ಬಿಡ್ಲಿಲ್ಲ ಮಾಸ್ಟ್ರೇ. ಘಟ್ಟದಲ್ಲಿ ಮಳೆ ಕೂತಿದೆ. ಹಲಗೆ ತೆಗೆಯುವ.”

“ಮೇಲಿನ ಗದ್ದೆಯವರ ಭತ್ತದ ನೇಜಿಗೆ ಇನ್ನೂ ನೀರು ಬೇಕಲ್ಲ ಅಜ್ಜ. ಪುಸ್ತಕದಲ್ಲಿ ಬೇಶ ಹತ್ತು ಅಂತ ಉಂಟು.”

“ಪುಸ್ತಕ ಉಂಟು, ಸರಿ. ಹೊಳೆಗೆ ಓದ್ಲಿಕ್ಕೆ ಯಾರು ಕಲಿಸಿದ್ದು ಮಾರಾಯ್ರೇ?”

ಇಬ್ಬರೂ ನಕ್ಕೆವು. ನಾನು ಸಹಿ ಹಾಕಲಿಲ್ಲ. ಅವರು ಮತ್ತೆ ಕೇಳಲೂ ಇಲ್ಲ. ಮಾಸ್ತರನ ಮಾತಿಗೆ ಅವರು ಕೊಡುತ್ತಿದ್ದ ಬೆಲೆ ಅಷ್ಟಿತ್ತು…

ಮೂರನೆಯ ದಿನ ಬೆಳಿಗ್ಗೆ ಅವರು ಏದುಸಿರು ಬಿಡುತ್ತ ಶಾಲೆಗೆ ಓಡಿ ಬಂದರು. “ನೀರು ಕೆಂಪಾಗಿದೆ.” ನಮ್ಮಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ. ನಾನು ಶಾಲೆಯ ಗಂಟೆ ಬಾರಿಸಿದೆ. ಹನ್ನೆರಡು ಮಂದಿ ಬಂದರು. ನಾವು ತಲುಪುವಾಗಲೇ ನೀರು ಹಲಗೆಗಳ ಮೇಲೆ ಹರಿಯುತ್ತಿತ್ತು.

ಅಜ್ಜ ಸೊಂಟಕ್ಕೆ ಹಗ್ಗ ಬಿಗಿದು ಕಂಬದ ಮೆಟ್ಟಿಲಿಗೆ ಇಳಿದರು. ನಾನು ದಂಡೆಯಿಂದ “ತೆಗೀರಿ, ಬೇಗ ತೆಗೀರಿ!” ಎಂದು ಕೂಗಿದೆ. ಅವರು ನೀರಿನಲ್ಲೇ ತಲೆಯೆತ್ತಿ ಕೇಳಿದರು: “ಸಹಿ ಆಯ್ತಾ ಮಾಸ್ಟ್ರೇ?”

ಎಲ್ಲರೂ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಆ ನಗು ಈಗಲೂ ಕಿವಿಯಲ್ಲಿದೆ.

ನಡುವಿನ ಮಣ್ಣನ್ನು ಹಾರೆಯಿಂದ ಎಬ್ಬಿಸಬೇಕು, ಹಲಗೆಗೆ ಕಬ್ಬಿಣದ ಕೊಕ್ಕೆ ಸಿಕ್ಕಿಸಬೇಕು, ಮೇಲಿನಿಂದ ನಾಲ್ವರು ಎಳೆಯಬೇಕು. ಏಳು ತಿಂಗಳು ನೀರು ಕುಡಿದು ಉಬ್ಬಿದ ಹಲಗೆಗಳು. ಒಂದೊಂದಕ್ಕೂ ಹಿಡಿದ ಹೊತ್ತು… ಉಳಿದವರು ಗೋಣಿಚೀಲಗಳಿಗೆ ಮರಳು ತುಂಬಿ ಎಡದಂಡೆಯ ಮೇಲೆ ಪೇರಿಸಿದರು. ನಾನೂ ಹೊತ್ತೆ. ಹದಿನಾಲ್ಕನೆಯ ಹಲಗೆ ಮೇಲೆ ಬರುತ್ತಿದ್ದಂತೆ ಬೇರುಸಹಿತ ಒಂದು ಮರ ತೇಲಿ ಬಂದು ಕಿಂಡಿಗಳಿಗೆ ಅಡ್ಡ ಬಿತ್ತು. ಅಜ್ಜನನ್ನು ಹಗ್ಗದಿಂದ ಎಳೆದುಕೊಂಡೆವು. ಅವರು ಕಟ್ಟದ ಕಡೆ ನೋಡಲಿಲ್ಲ, ತಮ್ಮ ದಂಡೆಯ ಕಡೆ ನೋಡಿದರು. ನಾವು ಇಟ್ಟ ಚೀಲಗಳ ಸಂದಿಯಿಂದ ಆಗಲೇ ನೀರು ಜಿನುಗುತ್ತಿತ್ತು.

“ಚೀಲ ಸಾಕು,” ಎಂದರು. “ಮನೆಯೊಳಗೆ ಮುದುಕಿ ಇದ್ದಾಳೆ. ಅವಳನ್ನು ಹೊರಗೆ ತರುವ.”

ಅವರ ಹೆಂಡತಿಯನ್ನು ಕರೆತಂದೆವು. ಮತ್ತೇನನ್ನೂ ತರಲಾಗಲಿಲ್ಲ.

ಕಟ್ಟ ಒಡೆಯಲಿಲ್ಲ. ಇವತ್ತಿಗೂ ಹೇಳುವಾಗ ನನಗೆ ನಾಚಿಕೆಯಾಗುತ್ತದೆ. ಆರು ಕಂಬಗಳೂ ಹಾಗೆಯೇ ನಿಂತವು. ಹೊಳೆಯೇ ಅವುಗಳನ್ನು ಬಿಟ್ಟು ಎಡದಂಡೆಯನ್ನು ಕಡಿದು, ಅಜ್ಜನ ಗದ್ದೆಯ ನಡುವಿನಿಂದ ಹರಿಯಿತು. ನೀರು ತಗ್ಗಿದ ಮೇಲೂ ಹಳೆಯ ದಾರಿಗೆ ಮರಳಲಿಲ್ಲ. ಗದ್ದೆಯಿದ್ದ ಕಡೆ ಹೊಳೆ, ಹೊಳೆಯಿದ್ದ ಕಡೆ ಒಣ ಮರಳು. ಆ ಮರಳಿನ ಮೇಲೆ ನಮ್ಮ ಕಟ್ಟ. ಮೇಲಿನವರ ನೇಜಿಯೂ ಉಳಿಯಲಿಲ್ಲ.

ಜೂನ್‌ನಲ್ಲಿ ನನಗೆ ವರ್ಗವಾಯಿತು. ವೇಣೂರಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಅಜ್ಜ ಬಂದರು, ಹೆಗಲ ಮೇಲೆ ಒಂದು ಹಲಗೆ. ಅವರೂ ಹೆಂಡತಿಯೂ ಮರುದಿನ ಘಟ್ಟದ ಕಾಫಿ ತೋಟಕ್ಕೆ ಕೂಲಿಗೆ ಹೊರಡುವವರಿದ್ದರು. ಆ ಪ್ರಾಯದಲ್ಲಿ.

“ಪುಸ್ತಕ ಇಡ್ಲಿಕ್ಕೆ ಆಗ್ತದೆ ಮಾಸ್ಟ್ರೇ. ಒಳ್ಳೆ ಮರ,” ಎಂದರು. ಮಾತಿನಲ್ಲಿ ಕೊಂಕು ಇತ್ತೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ತಪ್ಪಾಯಿತು ಎನ್ನಲು ನನಗೆ ಕಾಲು ಗಂಟೆ ಸಮಯವಿತ್ತು. ನಾನು ಅವರ ಆರೋಗ್ಯ ವಿಚಾರಿಸಿದೆ. ಬಸ್ಸು ಸರಿಯಾದ ಹೊತ್ತಿಗೆ ಬಂತು, ಹಲಗೆಯನ್ನು ಅವರೇ ಮೇಲೇರಿ ಕಟ್ಟಿ ಕೊಟ್ಟರು. ಆಮೇಲೆ ಕಾಗದ ಬರೆಯೋಣವೆಂದರೆ ಅವರು ಯಾವ ತೋಟದಲ್ಲಿದ್ದಾರೆಂದು ಯಾರಿಗೂ ತಿಳಿದಿರಲಿಲ್ಲ…

ನಿನ್ನೆ ಬಡಗಿ ಬಂದು ಹಲಗೆಯನ್ನು ತಟ್ಟಿ ನೋಡಿದ. ಒಳಗೆ ಪೂರಾ ಹುಳ ಹಿಡಿದಿದೆ, ಸೌದೆಗೂ ಆಗಲಿಕ್ಕಿಲ್ಲ ಎಂದ. ಬೇರೆ ಹಲಗೆ ಹಾಕಲು ಹೇಳಿದೆ. ಇದು ಇನ್ನೂ ಅಂಗಳದಲ್ಲಿದೆ. ಸಂಜೆ ಮಳೆ ಬಂದಾಗ ಒಳಗೆ ತರಬೇಕೆಂದು ಎದ್ದೆ, ನನ್ನೊಬ್ಬನಿಂದ ಎತ್ತಲಾಗಲಿಲ್ಲ.