ಬೇರೆ ಬಣ್ಣದ ತೋಳು

ತೀರ್ಥಹಳ್ಳಿಯ ಪೇಟೆಯಲ್ಲಿ ಜಯಕೀರ್ತಿ ಎಂಬವನ ಜವಳಿ ಅಂಗಡಿ ಇತ್ತು. ಅವನ ಹೆಂಡತಿ ಜಿನಮತಿ ಹೊಂಬುಜದ ಕಡೆಯ ಜೈನರ ಮನೆಯ ಹುಡುಗಿ. ಮದುವೆಯಾಗಿ ಬಂದ ಹೊಸತರಲ್ಲಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಕುಳಿತು ಕೈಯಲ್ಲೇ ಕುಪ್ಪಸ ಹೊಲಿದು ಕೊಡುತ್ತಿದ್ದಳು. ಆಗ ಕುಪ್ಪಸವೆಂದರೆ ಒಂದೇ ಬಗೆ. ಖಣದ ಬಟ್ಟೆ, ಮೈಗೆ ಅಂಟಿದ ತೋಳು, ಎದೆಯ ಮೇಲೊಂದು ಗಂಟು. ಅಜ್ಜಿ ತೊಟ್ಟಿದ್ದನ್ನೇ ಮೊಮ್ಮಗಳೂ ತೊಡುತ್ತಿದ್ದಳು. ಜಯಕೀರ್ತಿಗೆ ಇದು ನೆಮ್ಮದಿಯ ವಿಷಯ. ಬಂದವರು ಬಾಯಿ ತೆರೆಯುವ ಮೊದಲೇ ಅವನ ಕೈ ಬೇಕಾದ ಬಟ್ಟೆಯ ಥಾನಿನ ಮೇಲೆ ಇರುತ್ತಿತ್ತು. ಜಿನಮತಿಗೆ ಮಾತ್ರ ಅದೇ ಕತ್ತರಿ, ಅದೇ ಅಳತೆ ಎಂದರೆ ಉಸಿರು ಕಟ್ಟಿದಂತೆ. ಬಸದಿಯಲ್ಲಿ ಪೂಜೆಗೆ ಕುಳಿತಾಗಲೂ ಮುಂದೆ ಕುಳಿತ ಹೆಂಗಸಿನ ಬೆನ್ನಿನ ಹೊಲಿಗೆಯನ್ನು ಮನಸ್ಸಿನಲ್ಲೇ ಬಿಚ್ಚಿ, ಬೇರೆ ರೀತಿ ಕೂಡಿಸಿ ನೋಡುತ್ತಿದ್ದಳು.

ಹೀಗಿರುವಾಗ ಊರಿಗೆ ಹೊಸ ಅಮಲ್ದಾರರು ಬಂದರು. ಅವರ ಹೆಂಡತಿ ಮೈಸೂರಿನವರು. ಯಾರದೋ ಮನೆಯ ಅರಿಸಿನ ಕುಂಕುಮಕ್ಕೆ ಆಕೆ ಬಂದಾಗ ತೊಟ್ಟದ್ದು ಗಂಟಿನ ಕುಪ್ಪಸವಲ್ಲ, ಬೆನ್ನಿಗೆ ಗುಂಡಿ ಇದ್ದ, ಹೆಗಲ ಬಳಿ ಬುಗ್ಗೆಯಂತೆ ಉಬ್ಬಿದ ತೋಳಿನ ಜಂಪರು. ಹೆಂಗಸರೆಲ್ಲ ಓರೆಗಣ್ಣಿನಲ್ಲಿ ನೋಡಿದರು. ಜಿನಮತಿ ಅಷ್ಟಕ್ಕೇ ತೃಪ್ತಿಪಡದೆ ನೆಟ್ಟಗೆ ಹೋಗಿ, ತೋಳನ್ನು ಒಮ್ಮೆ ಮುಟ್ಟಲೇ ಎಂದು ಕೇಳಿಬಿಟ್ಟಳು. ಆಕೆ ನಕ್ಕು ಕೈ ಚಾಚಿದರು. ಬಟ್ಟೆಯನ್ನು ಎಲ್ಲಿ ನೆರಿಗೆ ಹಿಡಿದಿದ್ದಾರೆ, ಎಲ್ಲಿ ಬಿಟ್ಟಿದ್ದಾರೆ ಎಂದು ಬೆರಳಲ್ಲೇ ಓದಿಕೊಂಡು ಬಂದ ಜಿನಮತಿ, ಅಂಗಡಿಯ ಒಳ್ಳೆಯ ಬಟ್ಟೆಗೇ ಕತ್ತರಿ ಹಾಕಿದಳು. ಮೊದಲನೆಯದು ಹಾಳಾಯಿತು. ಇನ್ನೊಂದೂ ಹಾಳಾಯಿತು. ಜಯಕೀರ್ತಿ ತಲೆ ಚಚ್ಚಿಕೊಂಡ. ಆಮೇಲಿನದು ಮೈಗೆ ಸರಿಯಾಗಿ ಕೂತಿತು.

ಅದನ್ನು ತೊಟ್ಟು ಅವಳು ತುಂಗೆಯ ದಂಡೆಗೆ ಹೋಗಿಬಂದ ಮೇಲೆ ಊರಿಗೆ ಊರೇ ಹಿಡಿದುಕೊಂಡಿತು. ಹೊಸನಗರದ ಕಡೆಯಿಂದಲೂ ಹೆಂಗಸರು ಬಂದರು. ಹೊಲಿಗೆಯ ಯಂತ್ರ ಬಂತು. ಆದರೆ ಎಲ್ಲರ ತೋಳೂ ಉಬ್ಬಿದ್ದೇ ತಡ, ಮೊದಲು ಹೊಲಿಸಿಕೊಂಡವರಿಗೆ ಅದು ಸಪ್ಪೆಯಾಯಿತು. ಇನ್ನಷ್ಟು ಉಬ್ಬಲಿ ಎಂದರು, ತುದಿಗೆ ಲೇಸು ಬರಲಿ ಎಂದರು, ಬೇರೆಯವರಿಗೆ ಇಲ್ಲದ್ದು ಬೇಕು ಎಂದರು. ಹೊಸ ಜಂಪರು ಕೈಗೆ ಬಂದಾಗ ಅವರ ಮುಖದಲ್ಲಿ ಮೂಡುತ್ತಿದ್ದ ಬೆಳಕು ಮುಂದಿನ ಹಬ್ಬದವರೆಗೂ ಬಾಳುತ್ತಿರಲಿಲ್ಲ. ಜಿನಮತಿ ಅವರನ್ನು ದೂರುವಂತಿರಲಿಲ್ಲ. ಹೊಲಿದು ಮುಗಿಸಿದ ಗಳಿಗೆಯಲ್ಲೇ ಅವಳಿಗೂ ಅದು ಹಳತಾಗಿರುತ್ತಿತ್ತು. ಊಟಕ್ಕೆ ಕುಳಿತವಳು ಎದ್ದುಹೋಗಿ ಕಾಗದ ಕತ್ತರಿಸಿ ನೋಡುವಳು.

ಆಮೇಲೆ ಯುದ್ಧ ಬಂತು. ಬಟ್ಟೆಗೆ ಸರ್ಕಾರದ ಕಂಟ್ರೋಲು ಬಂತು. ಜಯಕೀರ್ತಿಯ ಅಂಗಡಿಯ ಹಲಗೆಗಳು ಬರಿದಾದವು. ಉಬ್ಬುತೋಳಿಗೆ ಬಟ್ಟೆ ಎಲ್ಲಿಂದ ತರುವುದು? ತೋಳು ಕುಗ್ಗಿತು, ಗಿಡ್ಡವಾಯಿತು. ಹೆಂಗಸರು ಹಳೆಯದನ್ನೇ ತಿರುವಿ ಹೊಲಿಸಿಕೊಂಡರು. ಕೆಲಸವಿಲ್ಲದೆ ಜಿನಮತಿ ಕೋಣೆಗೂ ಬೀದಿಗೂ ಓಡಾಡುತ್ತಿದ್ದಳು.

ಅಂಥ ಹೊತ್ತಿನಲ್ಲಿ ನಿಟ್ಟೂರಿನ ವೆಂಕಟ್ರಮಣ ಹೆಗಡೆಯವರ ಮನೆಯಿಂದ ಕರೆ ಬಂತು. ಅವರ ಮಗಳು ವಾಗ್ದೇವಿಯ ಮದುವೆ. ಗಂಡಿನವರು ಸಾಗರದವರು, ಪೇಟೆಯ ಜನ. ಜಿನಮತಿ ಯಂತ್ರವನ್ನು ಇದ್ದಿಲಿನಿಂದ ಓಡುವ ಬಸ್ಸಿಗೆ ಹೇರಿಕೊಂಡು ಹೋದಳು. ಜಗಲಿಯಲ್ಲಿ ಅವಳಿಗೆ ಜಾಗ ಮಾಡಿಕೊಟ್ಟರು. ಜೈನಳಾದ ಅವಳ ಊಟ ಹೊತ್ತು ಮುಳುಗುವ ಮೊದಲೇ ಆಗಬೇಕೆಂಬುದನ್ನು ಹುಡುಗಿಯ ತಾಯಿ ಅನ್ನಪೂರ್ಣೇಶ್ವರಿ ಹೇಳಿಸಿಕೊಳ್ಳದೆ ನಡೆಸಿದರು.

ಧಾರೆಸೀರೆ ಹೇಗೋ ಒದಗಿತ್ತು. ಕುಪ್ಪಸಕ್ಕೆ ಬಟ್ಟೆ ಇರಲಿಲ್ಲ. ಅಜ್ಜಿಯ ಕಾಲದ ಹಸಿರು ರೇಷ್ಮೆಯ ತುಂಡೊಂದು ಪೆಟ್ಟಿಗೆಯಲ್ಲಿ ಸಿಕ್ಕಿತು. ಮೈಗೆ ಸಾಲುತ್ತಿತ್ತು, ತೋಳಿಗೆ ಇಲ್ಲ. ಇನ್ನೊಂದು ಕೆಂಪು ತುಂಡಿನಲ್ಲಿ ತೋಳು ಬರುತ್ತಿತ್ತು. ಜಿನಮತಿ ಎರಡನ್ನೂ ಕೂಡಿಸಿ ಹಿಡಿದು ತೋರಿಸಿದಾಗ ವಾಗ್ದೇವಿ ಅಳಲು ಶುರುಮಾಡಿದಳು.

“ಸಾಗರದವು ನಗ್ಯಾಡ್ತ. ಇವರ ಮನೇಲಿ ಒಂದು ಕುಪ್ಪಸಕ್ಕೆ ಬಟ್ಟೆ ಇಲ್ಲೆ ಹೇಳಿ.”

ಜಿನಮತಿ ಎರಡು ತುಂಡುಗಳನ್ನೂ ಕೆಳಗಿಟ್ಟಳು. ಅಂಗಳಕ್ಕಿಳಿದು ಸುಮ್ಮನೆ ಅತ್ತಿಂದಿತ್ತ ತಿರುಗಿದಳು. ಹುಡುಗಿಯ ಮಾತು ಸುಳ್ಳಲ್ಲ. ಒಬ್ಬಳೇ ತೊಟ್ಟರೆ ಅದು ತೇಪೆ. ಆದರೆ ಎಲ್ಲರೂ ತೊಟ್ಟರೆ? ಒಳಗೆ ಬಂದು ಅನ್ನಪೂರ್ಣೇಶ್ವರಿಯನ್ನು ಕರೆದಳು.

“ನಿಮ್ಮನೆ ಹೆಂಗಸ್ರೆಲ್ಲ ಮದುವೆಗೆ ಅಂತ ಎತ್ತಿಟ್ಟ ಜಂಪರ್ ಕೊಡ್ಬೇಕು. ತೋಳು ಬಿಚ್ತೀನಿ. ಒಬ್ರ ತೋಳು ಇನ್ನೊಬ್ರಿಗೆ ಹಾಕ್ತೀನಿ.”

ಹೆಂಗಸರು ಮುಖ ಮುಖ ನೋಡಿಕೊಂಡರು. ಇರುವ ಒಂದು ಒಳ್ಳೆಯ ಬಟ್ಟೆಯನ್ನು ಯಾರು ಕತ್ತರಿಗೆ ಕೊಡುತ್ತಾರೆ? ಅನ್ನಪೂರ್ಣೇಶ್ವರಿ ಒಳಗೆ ಹೋಗಿ ತಮ್ಮ ನೀಲಿ ಜಂಪರನ್ನು ತಂದು ಯಂತ್ರದ ಮೇಲೆ ಇಟ್ಟರು. ನಂತರ ನಾದಿನಿಯರು ತಂದರು, ನೆಂಟರು ತಂದರು. ಒಬ್ಬೊಬ್ಬರ ತೋಳಿನ ದಪ್ಪವೂ ಒಂದೊಂದು ತೆರ. ಜಿನಮತಿ ಬಿಚ್ಚಿ, ಸಡಿಲಿಸಿ, ಬಿಗಿಮಾಡಿ ಹೊಲಿದಳು. ಇಷ್ಟು ಮಂದಿಯ ಹಬ್ಬವನ್ನು ಕೆಡಿಸುತ್ತಿದ್ದೇನೋ ಎಂಬ ಅಳುಕು ಕೊನೆಯ ಹೊಲಿಗೆಯವರೆಗೂ ಹೋಗಲಿಲ್ಲ.

ಮದುವೆಯ ದಿನ ದಿಬ್ಬಣ ಬಂತು. ಎದುರುಗೊಳ್ಳಲು ನಿಂತ ಹೆಂಗಸರೆಲ್ಲರ ಮೈ ಒಂದು ಬಣ್ಣ, ತೋಳು ಇನ್ನೊಂದು ಬಣ್ಣ. ಸಾಗರದವರು ಮೊದಲು ದಿಟ್ಟಿಸಿ ನೋಡಿದರು. ಊಟದ ಹೊತ್ತಿಗೆ ವರನ ಅಕ್ಕ ಮೆಲ್ಲಗೆ ಬಂದು, ಇದನ್ನು ಎಲ್ಲಿ ಹೊಲಿಸಿದಿರಿ, ಈಗ ಶಿವಮೊಗ್ಗದಲ್ಲಿ ಇದೇ ಹೊಸ ಬಗೆಯೇ ಎಂದು ವಿಚಾರಿಸಿದಳು. ಅನ್ನಪೂರ್ಣೇಶ್ವರಿ ಜಗಲಿಯ ಕಡೆ ಕೈ ತೋರಿಸಿದರು.

ಮುಂದಿನ ದಿನಗಳಲ್ಲಿ ಜಿನಮತಿಯ ಕೋಣೆ ಮತ್ತೆ ತುಂಬಿತು. ಎಲ್ಲರ ಮನೆಯಲ್ಲೂ ತುಂಡುಗಳಿದ್ದವು. ಇದ್ದುದರಲ್ಲೇ ಹೊಸತಾಗುವ ದಾರಿ ಸಿಕ್ಕಿತ್ತು. ಆದರೆ ಯುದ್ಧ ಮುಗಿದು, ಬರಬರುತ್ತಾ ಬಟ್ಟೆ ಸಿಗತೊಡಗಿದಾಗ ಅವಳು ಎಣಿಸದ್ದು ನಡೆಯಿತು. ಇಡೀ ಬಟ್ಟೆ ಕೊಂಡ ಹೆಂಗಸರು ಅದರ ಜೊತೆ ಇನ್ನೊಂದು ಇಡೀ ಬಟ್ಟೆಯನ್ನೂ ತಂದು, ಎರಡನ್ನೂ ಕತ್ತರಿಸಿ ಬೇರೆ ಬಣ್ಣದ ತೋಳು ಹಾಕಿಕೊಡು ಎನ್ನುತ್ತಿದ್ದರು. ಕೊರತೆಯಲ್ಲಿ ಹುಟ್ಟಿದ್ದು ಈಗ ಸಿರಿಯ ಗುರುತಾಗಿತ್ತು. ಜಿನಮತಿ ಹೊಲಿದು ಕೊಟ್ಟಳು. ಕತ್ತರಿ ಹಾಕುವಾಗ ಮಾತ್ರ ಯಾರ ಮೇಲೋ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ತಿಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ವಾಗ್ದೇವಿ ಬಂದಳು. ತವರಿಗೆ ಹೋಗುವ ದಾರಿಯಲ್ಲಿ ಸುತ್ತುಹಾಕಿ ಬಂದಿದ್ದಳು. ಮೈ ತುಂಬಿಕೊಂಡಿದ್ದಳು, ಕೈಯಲ್ಲಿ ಒಂದೇ ಬಟ್ಟೆ. ಜಿನಮತಿ ಸಂಭ್ರಮದಿಂದ ಕೂರಿಸಿ, ನಿನ್ನ ಮದುವೆಯ ಕುಪ್ಪಸದಿಂದ ನನಗೆ ಹೆಸರು ಬಂತು, ಅದನ್ನು ಈಗಲೂ ತೊಡುತ್ತೀಯಾ ಎಂದು ಕೇಳಿದಳು.

ವಾಗ್ದೇವಿ ತಲೆಯಾಡಿಸಿದಳು. “ಇಲ್ಲೆ. ಎಲ್ಲರೂ ಚಂದ ಇದ್ದು ಹೇಳಿದ. ಎಂಗೆ ಅದ ಕಂಡ್ರೆ ಆವತ್ತು ಬಟ್ಟೆ ಇಲ್ದೇ ಹೋದ್ದೇ ನೆನಪಾಗ್ತು. ಇದ್ರಲ್ಲಿ ಮೈಗೂ ತೋಳಿಗೂ ಒಂದೇ ಬಣ್ಣ ಇರ್ಲಿ, ಜಿನಮತಮ್ಮ. ಎಂಥದೂ ಕೂಡ್ಸದು ಬ್ಯಾಡ.”

ಜಿನಮತಿ ಬಟ್ಟೆಯನ್ನು ಬಿಡಿಸಿ ಹಾಸಿದಳು. ಹುಡುಗಿಯ ಮಾನ ಉಳಿಸಿದೆ ಎಂದುಕೊಂಡಿದ್ದಳು, ಉಳಿಸಿಯೂ ಇದ್ದಳು. ಸಂತೋಷ ಮಾತ್ರ ನೋಡಿದವರಿಗೆ ಹೋಗಿತ್ತು, ತೊಟ್ಟವಳಿಗೆ ಸಿಕ್ಕಿರಲಿಲ್ಲ. ಅಂದು ಬೇರೆ ಎಲ್ಲ ಕೆಲಸ ಬದಿಗಿಟ್ಟು ಆ ಕುಪ್ಪಸವನ್ನೇ ಹೊಲಿದಳು. ಲೇಸಿಲ್ಲ, ಉಬ್ಬಿಲ್ಲ, ಕಂದು ಬಣ್ಣದ ಸಾದಾ ತೋಳು. ವಾಗ್ದೇವಿ ತೊಟ್ಟು ಕೈ ಎತ್ತಿ ಇಳಿಸಿದಳು, ಕನ್ನಡಿ ಕೇಳಲಿಲ್ಲ, ಸೆರಗು ಸರಿಮಾಡಿಕೊಂಡು ನಕ್ಕಳು.

ಬೆಂಚಿನಲ್ಲಿ ಸರದಿಗಾಗಿ ಕಾಯುತ್ತಿದ್ದ ಪದ್ಮಲತಾ, ಪೇಟೆಯ ಇನ್ನೊಬ್ಬ ವ್ಯಾಪಾರಿಯ ಹೆಂಡತಿ, ಅಷ್ಟೂ ಹೊತ್ತು ನೋಡುತ್ತಿದ್ದವಳು ತಾನು ತಂದ ಎರಡು ಬಟ್ಟೆಗಳಲ್ಲಿ ಒಂದನ್ನು ಚೀಲಕ್ಕೆ ತುರುಕಿದಳು.

“ನಂಗೂ ಇಂಥದ್ದೇ ಹೊಲ್ದುಕೊಡಿ.”

ವಾಗ್ದೇವಿಯ ನಗು ಅಲ್ಲೇ ನಿಂತಿತು. ಜಿನಮತಿ ಅದನ್ನು ನೋಡಿದಳು, ಇದಾದರೂ ಕೆಲವು ದಿನ ಅವಳೊಬ್ಬಳದಾಗಿರಲಿ ಎನಿಸಿತು. ತನ್ನ ಬಳಿ ಬಂದವರನ್ನು ಅವಳು ಎಂದೂ ಹಿಂದೆ ಕಳಿಸಿದವಳಲ್ಲ. ಆದರೂ ಹೇಳಿದಳು:

“ಈಗ ಆಗಲ್ಲ. ದೀಪಾವಳಿ ಕಳೀಲಿ, ನೋಡ್ತೀನಿ.”

ಪದ್ಮಲತಾ ಮುಖ ಊದಿಸಿಕೊಂಡು ಹೊರಟುಹೋದಳು. ದೀಪಾವಳಿ ಕಳೆಯಿತು. ಮರುವರ್ಷದ ಹೊತ್ತಿಗೆ ತೀರ್ಥಹಳ್ಳಿಯಿಂದ ಸಾಗರದವರೆಗೆ ಸಾದಾ ತೋಳು ಹಬ್ಬಿತ್ತು, ಅದರಲ್ಲಿ ಹೆಚ್ಚಿನವನ್ನು ಜಿನಮತಿಯೇ ಹೊಲಿದಿದ್ದಳು.