ಗುಂಡ್ಯಾನ ಉಪವಾಸ

ಸ್ನೇಹಿತರೇ, ನಮ್ಮ ನಾಯಿ ಗುಂಡ್ಯಾ ಇಂದು ಮಧ್ಯಾಹ್ನದವರೆಗೂ ಒಂದು ತುತ್ತೂ ಮುಟ್ಟಲಿಲ್ಲ. ಮುಂಬೈಯ ಭಾಂಡುಪ್‌ನ ನಮ್ಮ ಬಿಲ್ಡಿಂಗಿನಲ್ಲಿ ಯಾರು ಏನು ಕೊಟ್ಟರೂ ತಿನ್ನುತ್ತಾನೆಂದು ನಿನ್ನೆ ಟ್ರೇನರನ್ನು ಮನೆಗೇ ಕರೆಸಿದ್ದೆವು. ಅವರು ನಮ್ಮನ್ನೆಲ್ಲ ಒಳಕೋಣೆಗೆ ಕಳಿಸಿ, ಅವನೊಬ್ಬನಿಗೇ ಪಾಠ ಹೇಳಿ ಹೋದರು.

ಇಂದು ಬಟ್ಟಲಿನ ಮುಂದೆ ಕೂತು ಜೊಲ್ಲು ಸುರಿಸುತ್ತಾನೆ, ಬಾಯಿ ಮಾತ್ರ ಹಾಕುವುದಿಲ್ಲ. ಟ್ರೇನರ್‌ಗೆ ಫೋನ್ ಮಾಡಿದೆ. ಲೋಕಲ್ ಟ್ರೈನಿನಲ್ಲಿದ್ದರೇನೋ, ಹತ್ತಲಿಲ್ಲ. "ತಿನ್ನೋ ನಮ್ಮಪ್ಪಾ, ನನ್ನ ಜೀವಾ ತಿನ್ನಬ್ಯಾಡ," ಎಂದು ಅತ್ತೆ ಗೋಗರೆದರು.

ಕೊನೆಗೆ ಫೋನ್ ಸಿಕ್ಕಿತು. ಸ್ಪೀಕರಿನಲ್ಲಿ ಟ್ರೇನರ್ "ಚಲ್ ಬೇಟಾ, ಖಾ ಲೇ" ಎಂದು ಹಿಂದಿಯಲ್ಲಿ ತಿನ್ನಲು ಹೇಳಿದ್ದೇ ತಡ, ಬಟ್ಟಲು ಖಾಲಿ! ಸಂಜೆ ನಾನೂ ಅದನ್ನೇ ಹೇಳಿದೆ. ಗುಂಡ್ಯಾ ಮುಖ ತಿರುಗಿಸಿದ.

ಅತ್ತೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದಾರೆ: "ಹೊರಗಿನವ್ರ ಕೈಯಾಗ ತಿನ್ನಬಾರದು ಅಂತ ಛಲೋ ಕಲಿಸ್ಯಾನ. ಈಗ ಹೊರಗಿನವ್ರು ನಾವ ಆದ್ವಿ ನೋಡವಾ."