ಹೆಂಗಸರ ಹೃದಯದ ಬಗ್ಗೆ ಇವತ್ತು ಮಾತಾಡಿದೆ

ಗೆಳತಿಯರೇ, ಇವತ್ತು ತಂಬ್ರಹಳ್ಳಿ ಕಡೆಯ ಒಂದು ಊರಿನ ಸಮುದಾಯ ಭವನದಲ್ಲಿ ಹೆಂಗಸರಿಗೆ ಹೃದ್ರೋಗದ ಬಗ್ಗೆ ತಿಳಿಸುವ ಕಾರ್ಯಕ್ರಮ ಮಾಡಿದೆ. ಆ ಊರಿಗೆ ನಾನೇ ನರ್ಸು. ಬಣ್ಣದ ಹಾಳೆ ಹಂಚಿ, ಅದರಲ್ಲಿದ್ದ ಲಕ್ಷಣಗಳನ್ನು ಓದಿದೆ. ಹೆಂಗಸರಿಗೆ ಎದೆಯೇ ನೋಯಬೇಕೆಂದಿಲ್ಲ. ದವಡೆ, ಬೆನ್ನು ನೋಯಬಹುದು, ಸುಮ್ಮನೆ ಬೆವರಬಹುದು, ವಿಪರೀತ ಸುಸ್ತಾಗಬಹುದು.

ಹಿಂದೆ ಕೂತಿದ್ದ ಕೊಟ್ರಮ್ಮ ಎದ್ದು ನಿಂತಳು. ಎರಡು ತಿಂಗಳ ಹಿಂದೆ ಅವಳ ತಾಯಿ ತೀರಿಕೊಂಡಿದ್ದರು.

"ಸಿಸ್ಟರ್, ನಮ್ಮವ್ವಗ ಇವೆಲ್ಲಾ ಆಗಿದ್ವು ನೋಡ್ರಿ. ದವಡಿ ನೋವು ಅಂದ್ಲು, ಹಲ್ಲಿಂದಿರಬೇಕು ಅಂದ್ವಿ. ಬೆವತ್ಲು, ಗ್ಯಾಸ್ ಅಂತ ಸೋಡಾ ಕುಡಿಸಿದ್ವಿ. ರೊಟ್ಟಿ ಬಡದು, ಸ್ವಲ್ಪ ಅಡ್ಡಾಗ್ತೀನಿ ಅಂದಾಕಿ ಏಳಲೇ ಇಲ್ರಿ."

ಕೊಟ್ರಮ್ಮ ಹಾಳೆಯನ್ನು ಹಿಂದೆ ಮುಂದೆ ತಿರುವಿ ನೋಡಿದಳು.

"ಈ ಹಾಳಿ ಈಗ ಬಂದಾವೇನ್ರಿ?"

"ಹೂನವ್ವ, ಈಗ ಬಂದಾವ" ಎಂದೆ.

ಸುಳ್ಳು. ನಾಲ್ಕು ತಿಂಗಳಿಂದ ಅವು ನನ್ನ ಬೀರುವಿನಲ್ಲಿದ್ದವು. ಕಾರ್ಯಕ್ರಮದ ದಿನವೇ ಹಂಚಬೇಕೆಂದು ಮೇಲಿನವರು ಹೇಳಿದ್ದರು, ಕಾರ್ಯಕ್ರಮ ಮುಂದಕ್ಕೆ ಹೋಗುತ್ತಲೇ ಇತ್ತು. ಹಾಳೆ ಇಲ್ಲದೆಯೂ ನಾನು ಬಾಯಲ್ಲಿ ಹೇಳಬಹುದಿತ್ತು. ದಿನಾ ಕೊಟ್ರಮ್ಮನ ಮನೆ ಮುಂದೆಯೇ ಓಡಾಡುತ್ತೇನೆ. ಹೇಳಿರಲಿಲ್ಲ.

"ಮೊದ್ಲ ಬಂದಿದ್ರ ನಮ್ಮವ್ವ ಉಳೀತಿದ್ಲೇನೋ" ಎಂದು ಕೊಟ್ರಮ್ಮ ಕೂತುಬಿಟ್ಟಳು. ನನ್ನ ಮೇಲೆ ಅವಳಿಗೆ ಸಿಟ್ಟೇ ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಸಂಜೆ ನಮ್ಮ ಮೇಲಧಿಕಾರಿ ಫೋನ್ ಮಾಡಿದರು.

"ಕಾರ್ಯಕ್ರಮ ಚಲೋ ಆಗೈತ್ರಿ. ಫೋಟೋದಾಗ ನಿಮ್ಮ ಮುಖ ಯಾಕ ಹಂಗೈತಿ?"

"ಸೆಕಿ ಭಾಳ ಇತ್ತು ಸರ್" ಎಂದೆ.

ಇವತ್ತಿನ ಎರಡನೇ ಸುಳ್ಳು.